ಗುರುತಿನ ಅಲೆ

ಸುಮ್ಮನಿರುವುದು ಇಂದುಮತಿ ಬಡಿಗೇರಳ ನೌಕರಿಯ ಅರ್ಧ ಭಾಗವಾಗಿತ್ತು. ಉಳಿದರ್ಧ ಓಡಾಟ. ಹುಬ್ಬಳ್ಳಿಯ ಸಂತ್ರಸ್ತರ ಸಹಾಯ ಕೇಂದ್ರದಲ್ಲಿ ಅವಳು ಸಹಾಯಾಧಿಕಾರಿ. ಅಪರಾಧಕ್ಕೆ ಬಲಿಯಾದವರ ಜೊತೆ ನಿಲ್ಲುವುದಕ್ಕೆಂದೇ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಹೆಂಗಸು. ಊರಿನವರು ಅವಳನ್ನು ಸಹಾಯದ ಅಕ್ಕಾರು ಎನ್ನುತ್ತಿದ್ದರು.

ಆ ಹುದ್ದೆಗೆ ಕಾನೂನು ಕೊಟ್ಟಿದ್ದ ಅಧಿಕಾರ ಸಣ್ಣದಲ್ಲ. ಯಾವ ಹೊತ್ತಿನಲ್ಲಾದರೂ ಠಾಣೆಯೊಳಗೆ ಹೋಗಿ ನೊಂದವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರಬಹುದಿತ್ತು. ಪ್ರಶ್ನೆ ಹದ್ದು ಮೀರಿತು ಅನಿಸಿದರೆ ‘ಸಾಕು’ ಎಂದು ಇನ್‌ಸ್ಪೆಕ್ಟರರ ಮಾತನ್ನೇ ನಿಲ್ಲಿಸಬಹುದಿತ್ತು. ಸಾಕ್ಷಿಕಟ್ಟೆಯಲ್ಲಿ ಅವಳ ಬೆನ್ನಿಗೆ ನಿಲ್ಲಬಹುದಿತ್ತು. ರಾಜ್ಯದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ, ಯಾವ ಹಾಸ್ಟೆಲಿನಲ್ಲಾದರೂ ಒಬ್ಬರಿಗೆ ಹಾಸಿಗೆ ಕೊಡಿಸಬಹುದಿತ್ತು; ಬಂದವಳು ಯಾರು, ಎಲ್ಲಿಯವಳು ಎಂದು ಅಲ್ಲಿನವರು ಕೇಳುವಂತಿರಲಿಲ್ಲ. ಇಷ್ಟಕ್ಕೆಲ್ಲ ಬದಲಾಗಿ ಕಾನೂನು ಅವಳಿಂದ ಕೇಳಿದ್ದು ಒಂದನ್ನೇ. ನೊಂದವಳು ನಂಬಿ ಹೇಳಿದ್ದನ್ನು ಅವಳ ಒಪ್ಪಿಗೆಯಿಲ್ಲದೆ ಪೊಲೀಸರಿಗಾಗಲಿ, ಸರ್ಕಾರಿ ವಕೀಲರಿಗಾಗಲಿ, ತನ್ನ ಮೇಲಧಿಕಾರಿಗಾಗಲಿ ಹೇಳಕೂಡದು. ನ್ಯಾಯಾಧೀಶರು ಕೇಳಿದರೂ ಹೇಳಕೂಡದು.

ಗಂಡ ಪರಶುರಾಮನಿಗೂ ಅವಳು ಹೇಳಿದವಳಲ್ಲ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಂಡತಿ ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತರೆ ಇವತ್ತು ಏನೋ ಕೇಳಿಕೊಂಡು ಬಂದಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು. ಚಹಾ ಮಾಡಿ ಪಕ್ಕದಲ್ಲಿಟ್ಟು, ಏನೂ ಕೇಳದೆ ಒಳಗೆ ಹೋಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿ, ಅವಳು ಅಳುವುದನ್ನು ನೋಡಿ, ಆಮೇಲೆ ಬಿಟ್ಟುಬಿಟ್ಟಿದ್ದ.

ತನುಜಾ ಅವಳ ಬಳಿ ಬಂದದ್ದು ಒಂದು ಮಧ್ಯಾಹ್ನ, ಠಾಣೆಯ ಕಡೆಯಿಂದ. ಇಪ್ಪತ್ನಾಲ್ಕರ ಹುಡುಗಿ. ಹತ್ತಿ ಮಿಲ್ಲಿನ ಮಾಲೀಕ ಚಿದಾನಂದನ ಮನೆಯಲ್ಲಿ ಅಡಿಗೆ, ಮುಸುರೆಗೆಂದು ಸೇರಿದವಳನ್ನು ಎರಡು ವರ್ಷ ಕಾಂಪೌಂಡು ದಾಟಲು ಬಿಟ್ಟಿರಲಿಲ್ಲ. ಕೊನೆಗೆ ಗ್ಯಾಸ್ ಸಿಲಿಂಡರಿನ ಗಾಡಿಯಲ್ಲಿ ಅಡಗಿ ಹೊರಬಿದ್ದಿದ್ದಳು. ಆ ಮನೆಯಲ್ಲಿ ನಡೆದದ್ದನ್ನು ಅವಳು ಪೊಲೀಸರಿಗೆ ಒಂದೊಂದಾಗಿ ಹೇಳುತ್ತಿರುವಾಗ ಇಂದುಮತಿ ಅವಳ ಮೊಣಕೈ ಹಿಡಿದುಕೊಂಡು ಕೂತಿದ್ದಳು. ನಡುವೆ ಎರಡು ಸಲ ‘ಸಾಕು’ ಎಂದಳು. ಹೇಳಿಕೆ ಮುಗಿದು, ಕೇಂದ್ರದ ಕೋಣೆಯಲ್ಲಿ ಇಬ್ಬರೇ ಉಳಿದ ಮೇಲೆ ತನುಜಾ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

“ಅಕ್ಕಾರ, ಅಲ್ಲಿ ನಾ ಒಬ್ಬಾಕೇ ಇರಲಿಲ್ರಿ. ನನ್ನ ತಂಗೀನೂ ಇದ್ಲು. ಪಲ್ಲವಿ ಅಂತ. ಇಬ್ರೂ ಕೂಡೇ ಓಡಿ ಬಂದ್ವಿ.”

“ಈಗ ಎಲ್ಲಿದಾಳ?”

“ರೈಲ್ವೆ ಸ್ಟೇಷನ್ನಿನ ಹೆಣ್ಮಕ್ಕಳ ವೇಟಿಂಗ್ ರೂಮಿನಾಗ ಕುಂದ್ರಿಸಿ ಬಂದೇನಿ. ಆಕೀ ಹೆಸರು ಎಲ್ಲೂ ಬರಬಾರದ್ರಿ. ನನಗ ಆಗಿದ್ದನ್ನ ನಾ ನೂರು ಮಂದಿ ಮುಂದ ಬೇಕಾದ್ರ ಹೇಳ್ತೀನಿ. ಆಕೀಗೆ ಮಾತ್ರ ಬ್ಯಾಡ. ಆಕೀ ಮಾತಾಡೂದನ್ನ ಬಿಟ್ಟು ಎಷ್ಟೋ ತಿಂಗಳಾತು. ಕೋರ್ಟಿನಾಗ ನಿಲ್ಲಿಸಿದ್ರ ಸತ್ತ ಹೋಗ್ತಾಳ್ರಿ.”

“ನೀ ಹೇಳಿದ್ದು ನನ್ನ ಬಾಯಿಂದ ಹೊರಗ ಹೋಗೂದಿಲ್ಲ,” ಎಂದಳು ಇಂದುಮತಿ. ಎಷ್ಟೋ ಜನರಿಗೆ ಹೇಳಿದ್ದ ಮಾತು. ಪ್ರತಿ ಸಲವೂ ಉಳಿಸಿಕೊಂಡಿದ್ದ ಮಾತು.

ಅದೇ ದಿನ ಪಲ್ಲವಿಯನ್ನು ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮಲಪ್ರಭೆಯ ಆಚೆ ಒಂದು ಸಣ್ಣ ಊರಿನ ನರ್ಸಿಂಗ್ ತರಬೇತಿ ಹಾಸ್ಟೆಲಿಗೆ ಬೇರೆ ಹೆಸರಿನಲ್ಲಿ ಸೇರಿಸಿದಳು. ಇಪ್ಪತ್ತು ವರ್ಷದ ಹುಡುಗಿ, ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು. ಕೆಲವು ತಿಂಗಳ ನಂತರ ಇಂದುಮತಿ ನೋಡಲು ಹೋದಾಗ ಅವಳು ಬಿಳಿ ಸಮವಸ್ತ್ರದಲ್ಲಿ ಗೇಟಿನವರೆಗೆ ಓಡಿಬಂದಳು. ಅಲ್ಲೇ ಕಟ್ಟೆಯ ಮೇಲೆ ಕೂರಿಸಿ, ಕಲಿತದ್ದನ್ನು ತೋರಿಸಬೇಕೆಂದು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಹುಬ್ಬು ಗಂಟಿಕ್ಕಿ ಹೇಳಿದಳು: “ಅಕ್ಕಾರ, ನಿಮ್ಮ ಬಿ.ಪಿ. ಏರೇತ್ರಿ. ಉಪ್ಪಿನಕಾಯಿ ಕಮ್ಮಿ ಮಾಡ್ರಿ.”

ಅವಳ ದನಿಯನ್ನು ಇಂದುಮತಿ ಕೇಳಿದ್ದು ಅದೇ ಮೊದಲು. ವಾಪಸು ಬರುವ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದಳು. ಪಕ್ಕದ ಸೀಟಿನ ಹೆಂಗಸು ವಿಚಿತ್ರವಾಗಿ ನೋಡಿದಳು.

ಗುರುತು ಯಂತ್ರ ದೊಡ್ಡ ಊರುಗಳ ಪ್ರಯೋಗಾಲಯ ಬಿಟ್ಟು ಜಿಲ್ಲೆಗಳಿಗೆ ಬಂದದ್ದು ಆ ವರ್ಷವೇ. ಮೊದಲು ಕಂಡದ್ದನ್ನು ಮನುಷ್ಯ ಮತ್ತೆ ಕಂಡರೆ, ಅವನು ಬಯಸಲಿ ಬಿಡಲಿ, ಕಣ್ಣೆವೆ ಇಕ್ಕುವಷ್ಟರಲ್ಲಿ ಮೆದುಳಿನಲ್ಲೊಂದು ಸಣ್ಣ ವಿದ್ಯುತ್ತಿನ ಅಲೆ ಏಳುತ್ತದೆ. ಅದನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆದರೆ ಆ ಅಲೆ ಎಷ್ಟು ಕ್ಷೀಣವೆಂದರೆ ಕೆಮ್ಮಿದರೆ, ಕತ್ತು ಹೊರಳಿಸಿದರೆ ಕಳೆದುಹೋಗುತ್ತಿತ್ತು. ಈಗ ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೊಪ್ಪಿಗೆಯಷ್ಟು ಹಗುರಾದ ಒಂದು ಟೊಪ್ಪಿಗೆ ಬಂದಿತ್ತು. ಅದು ಆ ಅಲೆಯನ್ನು ಗದ್ದಲದ ನಡುವೆಯೂ ಹೆಕ್ಕಿ ತೆಗೆಯುತ್ತಿತ್ತು. ತಲೆಗೆ ಹಾಕಿ, ಎದುರಿಗೆ ಚಿತ್ರ ತೋರಿಸಿದರೆ ಸಾಕು. ಕಂಡದ್ದೋ ಕಾಣದ್ದೋ ಎಂದು ತಲೆಯೇ ಹೇಳಿಬಿಡುತ್ತಿತ್ತು, ಬಾಯಿ ಬಿಡಬೇಕಾದ್ದಿಲ್ಲ. ಕಣ್ಣು ಮುಚ್ಚಿಕೊಂಡರೆ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು.

ಕಳ್ಳರು ಸಿಕ್ಕರು, ನಿಜ. ಜೊತೆಗೆ ಇನ್ನೂ ಏನೇನೋ ಆಯಿತು. ಮದುವೆಗೆ ಮೊದಲು ಹುಡುಗಿಗೆ ನಾಲ್ಕು ಹುಡುಗರ ಫೋಟೋ ತೋರಿಸಿ ನೋಡುವ ಅಂಗಡಿಗಳು ಕೊಪ್ಪೀಕರ ರಸ್ತೆಯಲ್ಲಿ ತೆರೆದುಕೊಂಡವು. ಬೀದಿಯಲ್ಲಿ ಅಪಘಾತವಾದರೆ ಜನ ಮುಖವನ್ನು ಗೋಡೆಯ ಕಡೆ ತಿರುಗಿಸಿ ನಡೆಯತೊಡಗಿದರು. ಕಂಡದ್ದಕ್ಕೆ ನಾಳೆ ತಲೆ ಕೊಡಬೇಕಾದೀತಲ್ಲ.

ಚಿದಾನಂದನ ಮೇಲಿನ ಮೊಕದ್ದಮೆಯನ್ನು ನಡೆಸುತ್ತಿದ್ದವರು ಸರ್ಕಾರಿ ವಕೀಲ ಗುರುಪಾದಪ್ಪ. ಒಳ್ಳೆಯ ಮನುಷ್ಯ, ಹೆಣ್ಣುಮಕ್ಕಳ ಪ್ರಕರಣವೆಂದರೆ ಊಟ ಬಿಟ್ಟು ಓದುವವರು. ಅವರೇ ಒಂದು ದಿನ ಕೇಂದ್ರಕ್ಕೆ ಬಂದು ಇಂದುಮತಿಯ ಎದುರಿಗೆ ಕೂತರು.

“ಮೇಡಮ್ಮಾರ, ಆ ಮನ್ಯಾಗ ಎರಡು ಅಳತೀ ಬಟ್ಟಿ ಸಿಕ್ಕಾವ. ಇನ್ನೊಬ್ಬಾಕಿ ಹುಡುಗಿ ಇದ್ದಾಳ, ತನುಜಾನ ತಂಗಿ ಪಲ್ಲವಿ; ಅವರ ಊರಾಗ ಕೇಳಿ ತಿಳಕೊಂಡೇವಿ. ಆಕೀ ಎಲ್ಲಿದಾಳ ಅನ್ನೂದು ನಿಮಗ ಗೊತ್ತೈತಿ.”

“ನಾ ಏನೂ ಹೇಳೂ ಹಂಗಿಲ್ರಿ ಸರ್.”

“ಹೇಳೂ ಹಂಗಿಲ್ಲ ಅನ್ನೂದು ನನಗೂ ಗೊತ್ತು. ಆದರ ಕೇಳ್ರಿ. ತನುಜಾ ಒಬ್ಬಾಕೀ ಮಾತಿನ ಮ್ಯಾಲೆ ಆ ಮನಷ್ಯಾ ಒಳಗ ಹೋಗೂದಿಲ್ಲ. ರೊಕ್ಕದ ಆಸೇಗೆ ಸುಳ್ಳು ಹೇಳಾಕತ್ತಾಳ ಅಂತ ಅವನ ವಕೀಲ ಈಗಾಗಲೇ ಸುರು ಮಾಡ್ಯಾನ. ಅವ ಬಿಡುಗಡಿಯಾಗಿ ಮನೀಗೆ ಹೋಗ್ತಾನ. ಮತ್ತ ಒಂದು ಹುಡುಗಿ ಕೆಲಸಕ್ಕ ಅಂತ ಆ ಮನೀಗೆ ಬರ್ತಾಳ. ಆಕೀಗೆ ಯಾರು ಜವಾಬ್ದಾರಿ? ನಾನೋ, ನೀವೋ?”

ಆ ಮೂರನೆಯ ಹುಡುಗಿ, ಇನ್ನೂ ಎಲ್ಲೋ ನಿಶ್ಚಿಂತೆಯಾಗಿ ಇರುವವಳು, ಇಂದುಮತಿಯ ನಿದ್ದೆಯನ್ನು ಹಾಳುಮಾಡಿದಳು. ಮರುದಿನ ಸಾಕ್ಷಿಗಳ ರಕ್ಷಣಾ ಗೃಹಕ್ಕೆ ಹೋಗಿ ತನುಜಾಳನ್ನು ಇನ್ನೊಮ್ಮೆ ಕೇಳಿದಳು. ಗುರುಪಾದಪ್ಪ ಹೇಳಿದ್ದನ್ನೆಲ್ಲ ಇದ್ದದ್ದು ಇದ್ದಂತೆ ಒಪ್ಪಿಸಿದಳು. ತನುಜಾ ತಲೆ ಅಲ್ಲಾಡಿಸಿದಳು.

“ಬ್ಯಾಡ್ರಿ. ನಾ ಸೋತ್ರೂ ಚಿಂತಿಲ್ಲ. ಆಕೀ ನರ್ಸ್ ಆಗ್ಲಿ.”

ಅಲ್ಲಿಗೆ ಇಂದುಮತಿಯ ಮಟ್ಟಿಗೆ ವಿಷಯ ಮುಗಿದಿತ್ತು. ಆದರೆ ಗುರುಪಾದಪ್ಪ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಸಹಾಯಾಧಿಕಾರಿಯ ಬಾಯಿಂದ ಮಾತು ಹೊರಡಿಸಬಾರದು ಎಂದು ಕಾನೂನಿದೆ. ಅಲೆ ಮಾತಲ್ಲ, ರಕ್ತದ ಹನಿಯಂತೆ, ಬೆರಳಚ್ಚಿನಂತೆ ಅದೂ ದೇಹದ ಒಂದು ಗುರುತು ಎಂದು ವಾದಿಸಿದರು. ನ್ಯಾಯಾಲಯ ಒಪ್ಪಿತು. ಇಂದುಮತಿ ಎದ್ದು ನಿಂತು, ತಾನು ಟೊಪ್ಪಿಗೆ ಹಾಕಿಕೊಳ್ಳುವುದಿಲ್ಲ, ಬೇಕಿದ್ದರೆ ಜೈಲಿಗೆ ಹೋಗುತ್ತೇನೆ ಎಂದಳು.

ವಯಸ್ಸಾದ ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಜೈಲಿಗೆ ಹೋದರೂ ತಲೆ ನಿಮ್ಮ ಜೊತೆಗೇ ಬರತದಲ್ಲಮ್ಮಾ,” ಎಂದರು.

ಬೆಂಗಳೂರಿನಿಂದ ಇಲಾಖೆಯ ನಿರ್ದೇಶಕರು ಫೋನು ಮಾಡಿ ಸಮಾಧಾನ ಹೇಳಿದರು. “ನೀವು ಯಾವ ನಿಯಮವನ್ನೂ ಮುರಿದ ಹಾಗೆ ಆಗೋದಿಲ್ಲ ಇಂದುಮತಿ. ನೀವು ಏನೂ ಹೇಳೋದೇ ಇಲ್ಲವಲ್ಲ.”

ಪಲ್ಲವಿಯನ್ನು ಬೇರೆ ಕಡೆ ಕಳಿಸುವಂತಿರಲಿಲ್ಲ. ಆದೇಶ ಬಂದ ಗಳಿಗೆಯಿಂದ ಇಂದುಮತಿಯ ಫೋನಿಗೂ ಓಡಾಟಕ್ಕೂ ಕಾವಲಿತ್ತು. ಬೇರೊಬ್ಬ ಸಹಾಯಾಧಿಕಾರಿಗೆ ಹೇಳಿದರೆ ನಾಳೆ ಟೊಪ್ಪಿಗೆ ಅವಳ ತಲೆಗೆ. ಯಾವ ಕಡೆ ಯೋಚಿಸಿದರೂ ಗೋಡೆ ಸಿಗುತ್ತಿತ್ತು. ದಾರಿ ತೋರಿಸಿದವನು ಪರಶುರಾಮ. ಹೆಂಡತಿ ಬಾಯಿ ಬಿಟ್ಟು ಏನೂ ಹೇಳದಿದ್ದರೂ ಪೇಪರಿನಲ್ಲಿ ಸುದ್ದಿ ಬಂದಿತ್ತು. ಅವನು ಆ ಯಂತ್ರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಕೆಟ್ಟ ಇಂಜಿನ್ನಿನ ಮುಂದೆ ನಿಂತವನಂತೆ ತಲೆ ಕೆರೆದುಕೊಂಡು, ಒಂದು ಸಂಜೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ.

“ಇಂದೂ, ಗೊತ್ತಿಲ್ಲದ್ದರ ನಡುವ ಗೊತ್ತಿದ್ದದ್ದನ್ನ ಅದು ಹುಡಕ್ತೈತಿ. ಹೌದಲ್ಲ? ಎಲ್ಲಾನೂ ಗೊತ್ತಿದ್ರ ಏನ ಮಾಡತೈತಿ?”

ಅವಳು ತಿರುಗಿ ನೋಡಿದಳು.

“ಅವರು ಏನ ತೋರಸ್ತಾರ? ಹಾಸ್ಟೆಲ್ಲ, ಆಸ್ಪತ್ರಿ. ನೀ ಯಾರನ್ನರ ಇಡೂದು ಅಲ್ಲೇ. ರಾಜ್ಯದಾಗಿನ ಎಲ್ಲಾ ಹಾಸ್ಟೆಲ್ಲಿನ ಚಿತ್ರ ಸಿಗ್ತಾವ. ಎಲ್ಲಾ ನೋಡಿ ಬಿಡು. ಬಾಯಿಪಾಠ ಆಗೂವಷ್ಟು ನೋಡು.”

ಅಂದಿನಿಂದ ಮನೆ ಪಾಠಶಾಲೆಯಾಯಿತು. ಪರಶುರಾಮ ವರ್ಕ್‌ಶಾಪಿಗೆ ರಜೆ ಹಾಕಿದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ಅವನು ಎದುರಿಗೆ ಮಣೆ ಹಾಕಿಕೊಂಡು ಕೂತು ಟ್ಯಾಬಿನಲ್ಲಿ ಒಂದಾದ ಮೇಲೊಂದು ಚಿತ್ರ ಹಿಡಿಯುತ್ತಿದ್ದ. ಗೇಟು, ಕಟ್ಟಡ, ಬೋರ್ಡು, ಅಂಗಳದ ನಲ್ಲಿ. ಅವಳು ಊರಿನ ಹೆಸರು ಹೇಳಬೇಕು. ಸಿಂದಗಿ. ಕೂಡ್ಲಿಗಿ. ಹೊಸದುರ್ಗ. ಕೊಳ್ಳೇಗಾಲ. ತಪ್ಪಿದರೆ ಮತ್ತೆ ತೋರಿಸುತ್ತಿದ್ದ. ಕಂಡೇ ಇಲ್ಲದ ಊರುಗಳ ಹಾಸ್ಟೆಲುಗಳು ಅವಳಿಗೆ ಓಣಿಯ ಮನೆಗಳಷ್ಟು ಪರಿಚಯವಾದವು. ಗುಬ್ಬಿಯ ಹಾಸ್ಟೆಲಿನ ಗೋಡೆಯ ಮೇಲೆ ಯಾರೋ ಒಣಗಹಾಕಿದ್ದ ಹಳದಿ ಟವೆಲ್ಲು ಕನಸಿನಲ್ಲಿ ಬಂತು.

ಒಂದು ದಿನ ಪರಶುರಾಮ ಚಿತ್ರ ತೋರಿಸುವುದನ್ನು ನಿಲ್ಲಿಸಿ ಟ್ಯಾಬನ್ನು ತೊಡೆಯ ಮೇಲೆ ಬೋರಲು ಹಾಕಿದ.

“ಯಾಕ್ರೀ?”

“ನಿನ್ನ ಕೈ ನಿಂತು ಬಿಡ್ತು.”

“ಎಲ್ಲಿ ನಿಂತೇತ್ರಿ?”

“ಈಗ ತೋರಿಸಿದ್ದಕ್ಕ. ನಿನ್ನೇನೂ ಇದಕ್ಕ ನಿಂತಿತ್ತು. ರೊಟ್ಟಿ ಬಡಿಯೂದು ನಿಂತು, ಮತ್ತ ಸುರುವಾತು.” ಅವನು ಕಣ್ಣು ಒರೆಸಿಕೊಂಡ. “ನನಗೂ ಗೊತ್ತಾಗಿ ಬಿಡ್ತಲ್ಲ ಇಂದೂ. ನನಗ ಗೊತ್ತಾಗಬಾರದಿತ್ತು.”

ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆಯೆದ್ದಿತು. ಆಮೇಲೆ ಅವಳೇ ಕೈತೊಳೆದು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು, “ತೋರಿಸ್ರಿ,” ಎಂದಳು. “ಕೈ ನಿಲ್ಲದಂಗ ಆಗೂತನಕ ತೋರಿಸ್ರಿ.”

ಆ ಗೇಟನ್ನು ಅವನು ಮತ್ತೆ ಮತ್ತೆ ತೋರಿಸಿದ. ನಡುವೆ ಬೇರೆಯವನ್ನು ಸೇರಿಸಿ ತೋರಿಸಿದ, ಇದ್ದಕ್ಕಿದ್ದಂತೆ ತೋರಿಸಿದ, ಬಟ್ಟೆ ಹಿಂಡುವಾಗ, ಸಂತೆಗೆ ಹೊರಟಾಗ ತೋರಿಸಿದ. ಕೊನೆಗೆ ಅವಳ ಕೈ ನಿಲ್ಲಲಿಲ್ಲ. ಉಸಿರೂ ಏರುಪೇರಾಗಲಿಲ್ಲ. ಪರಶುರಾಮ ಬೆರಳಿನಿಂದ ಅವಳ ನಾಡಿ ಹಿಡಿದು ನೋಡಿ, “ಗೆದ್ದಿ,” ಎಂದ.

ಪ್ರಯೋಗಾಲಯ ತಣ್ಣಗಿತ್ತು. ಅದರ ಮುಖ್ಯಸ್ಥೆ ಡಾಕ್ಟರ್ ಮೃಣಾಲಿನಿ ಮೈಸೂರಿನವರು, ಮೆಲುದನಿಯವರು. ಟೊಪ್ಪಿಗೆಯನ್ನು ತಾವೇ ತೊಡಿಸಿ, ಕಿವಿಯ ಮೇಲೆ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿದರು.

“ನೋವಾಗಲ್ಲ. ಆರಾಮಾಗಿ ಕೂತ್ಕೊಳ್ಳಿ. ಬಾಯಾರಿದ್ರೆ ಹೇಳಿ.”

ಗಾಜಿನ ಆಚೆ ಗುರುಪಾದಪ್ಪ ಮತ್ತು ಒಬ್ಬ ಪೊಲೀಸ್ ಅಧಿಕಾರಿ ಕೂತಿದ್ದರು. ಪರದೆಯ ಮೇಲೆ ಗೇಟುಗಳು ಬರತೊಡಗಿದವು. ಇಂದುಮತಿ ಹಳೆಯ ಸ್ನೇಹಿತರನ್ನು ನೋಡಿದಂತೆ ನೋಡಿದಳು. ಸಿಂದಗಿ. ಹೊಸದುರ್ಗ. ಗುಬ್ಬಿ, ಟವೆಲ್ಲಿನ ಸಮೇತ. ಗಾಜಿನಾಚೆ ಪೊಲೀಸ್ ಅಧಿಕಾರಿ ಎದ್ದು ನಿಂತು ಏನೋ ಸಿಟ್ಟಿನಿಂದ ಹೇಳುವುದು ಕಂಡಿತು. ಪ್ರತಿ ಗೇಟಿಗೂ ಅಲೆ ಏಳುತ್ತಿತ್ತು. ಮಲಪ್ರಭೆಯ ಆಚೆಯ ಹಸಿರು ಗೇಟೂ ಬಂತು, ಹೋಯಿತು. ಅವಳ ಕೈ ಕುರ್ಚಿಯ ಮೇಲೆ ಹಾಗೆಯೇ ಇತ್ತು.

ಚಿತ್ರಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಮೃಣಾಲಿನಿ ಸಣ್ಣಗೆ ನಕ್ಕರು. “ಓದ್ಕೊಂಡು ಬಂದಿದೀರ. ಇಷ್ಟು ಕಷ್ಟಪಟ್ಟು ಬಂದೋರನ್ನ ನಾನು ನೋಡಿರಲಿಲ್ಲ.”

ಡಾಕ್ಟರು ತಮ್ಮ ಪರದೆಯ ಕಡೆ ತಿರುಗಿದವರು ಬಹಳ ಹೊತ್ತು ಹಾಗೇ ನೋಡುತ್ತ ಕೂತರು. ಅವರ ನಗು ಹೋಗಿತ್ತು. ಆಮೇಲೆ ಪರದೆಯನ್ನು ಇಂದುಮತಿಯ ಕಡೆ ತಿರುಗಿಸಿದರು. ಸಾಲು ಸಾಲಾಗಿ ಒಂದೇ ಎತ್ತರದ ಅಲೆಗಳು. ಅವುಗಳಲ್ಲಿ ಒಂದರ ಹಿಂದೆ ಮಾತ್ರ ಇನ್ನೊಂದು ಅಲೆಯಿತ್ತು. ನಿಧಾನವಾಗಿ ಎದ್ದು, ಅಗಲವಾಗಿ ಹರಡಿ, ಇಳಿಯಲು ಹೊತ್ತು ತೆಗೆದುಕೊಂಡ ಅಲೆ.

“ಮೊದಲನೇದು ಗುರುತಿನದು,” ಎಂದರು. “ಎರಡನೇದು ಭಯದ್ದು. ನಿಮಗೆ ಎಲ್ಲಾ ಗೊತ್ತು ಇಂದುಮತಿಯವರೇ. ಆದ್ರೆ ಒಂದನ್ನ ನೋಡಿದಾಗ ಮಾತ್ರ ನೀವು ಹೆದರಿದೀರ.”

ಇಂದುಮತಿ ಕೈ ಜೋಡಿಸಿದಳು. “ಡಾಕ್ಟರ, ಕೈ ಮುಗೀತೀನಿ. ಇದನ್ನ ಬರೀಬ್ಯಾಡ್ರಿ.”

“ನಾನು ಬರೆಯೋದೇನೂ ಇಲ್ಲ. ಯಂತ್ರದಿಂದ ನೇರವಾಗಿ ಕೋರ್ಟಿಗೆ ಹೋಗತ್ತೆ. ಆಗಲೇ ಹೋಗಿದೆ.” ಅವರು ಟೊಪ್ಪಿಗೆ ತೆಗೆಯಲು ಬಂದರು. “ನೀವು ಆ ಮಗೂನ ಅಷ್ಟು ಹಚ್ಚಿಕೊಂಡಿರದಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ.”

ಗಾಜಿನಾಚೆಯ ಕುರ್ಚಿಗಳು ಅಷ್ಟರಲ್ಲಿ ಖಾಲಿಯಾಗಿದ್ದವು.

ಪೊಲೀಸ್ ಜೀಪು ಹಾಸ್ಟೆಲಿಗೆ ಹೋದದ್ದು ಪಾಠ ನಡೆಯುವ ಹೊತ್ತಿನಲ್ಲಿ. ಬೇರೆ ಹೆಸರಿನಲ್ಲಿದ್ದ ಹುಡುಗಿಯನ್ನು ಪತ್ತೆ ಮಾಡಲು ಅವರು ತರಗತಿಯ ಬಾಗಿಲಲ್ಲಿ ನಿಂತು, “ಪಲ್ಲವಿ!” ಎಂದು ಕೂಗಿದರಂತೆ. ಎಲ್ಲರ ತಲೆಯೂ ಸುಮ್ಮನೆ ಬಾಗಿಲ ಕಡೆ ತಿರುಗಿದರೆ ಒಬ್ಬಳು ಮಾತ್ರ ಬೆಂಚಿನ ಕೆಳಗೆ ಸರಿದಳಂತೆ.

ಮುಚ್ಚಿದ ಬಾಗಿಲಿನ ನ್ಯಾಯಾಲಯದಲ್ಲಿ ಪಲ್ಲವಿಯನ್ನು ನಿಲ್ಲಿಸಿದ ದಿನ ಇಂದುಮತಿ ತನ್ನ ಅಧಿಕಾರದಂತೆ ಸಾಕ್ಷಿಕಟ್ಟೆಯ ಹಿಂದೆ ಹೋಗಿ ನಿಂತಳು. ಪಲ್ಲವಿ ಹಿಂದಿರುಗಿ ನೋಡಿ, ಗಾಳಿ ತಾಕಿದರೂ ಸುಡುತ್ತದೆ ಎನ್ನುವಂತೆ ಪಕ್ಕಕ್ಕೆ ಸರಿದಳು.

“ಈಕೀ ನನಗ ಬ್ಯಾಡ್ರಿ,” ಎಂದಳು ನ್ಯಾಯಾಧೀಶರಿಗೆ. ಬೇಡ ಎನ್ನುವ ಹಕ್ಕು ನೊಂದವಳಿಗಿತ್ತು. ಇಂದುಮತಿ ಇಳಿದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಳು.

ಚಿದಾನಂದ ಎದುರಿಗೇ ಇದ್ದ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗುರುಪಾದಪ್ಪ ಬಹಳ ಮೃದುವಾಗಿ ಕೇಳಿದರು, “ಈ ಮನಷ್ಯಾನ ಮನ್ಯಾಗ ನೀ ಇದ್ದಿಯಲ್ಲವಾ ತಂಗಿ?”

“ಇಲ್ರಿ.”

“ಹೆದರಬ್ಯಾಡ. ಅಲ್ಲಿ ಕುಂತಾಳಲ್ಲ, ಆಕೀ ನಿಮ್ಮಕ್ಕ. ಆಕೀ ತನಗಾದದ್ದನ್ನ ಎಲ್ಲಾ ಹೇಳ್ಯಾಳ. ನೀ ಹೌದು ಅಂದ್ರ ಸಾಕು.”

ಪಲ್ಲವಿ ತನುಜಾಳ ಕಡೆ ನೋಡಲಿಲ್ಲ. ಕಟ್ಟೆಯ ಮರದ ಅಂಚನ್ನು, ಹಿಂದೆ ಬಸ್ಸಿನ ಸರಳನ್ನು ಹಿಡಿದಿದ್ದಂತೆ, ಎರಡೂ ಕೈಯಿಂದ ಹಿಡಿದುಕೊಂಡಳು.

“ನನಗ ಅಕ್ಕ ಇಲ್ರಿ,” ಎಂದಳು. “ಆಕೀ ಯಾರೋ ನನಗ ಗೊತ್ತಿಲ್ಲ.”

ತನುಜಾ ಅಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ತಂಗಿಯನ್ನೇ ನೋಡುತ್ತ ಕೂತಳು. ಗುರುಪಾದಪ್ಪನವರಿಗೆ ದಿಕ್ಕು ತೋಚದೆ, ತಮ್ಮದೇ ಸಾಕ್ಷಿಗೆ ಟೊಪ್ಪಿಗೆ ಹಾಕಿಸಬೇಕೆಂದು ಕೇಳಿಕೊಂಡರು. ಬೇಡ ಎನ್ನಲು ಇಂದುಮತಿ ಎದ್ದಳು. ಆದರೆ ಪಲ್ಲವಿ ಈಗ ಅವಳ ಆಸರೆಯಲ್ಲಿ ಇರಲಿಲ್ಲ. ‘ಸಾಕು’ ಎನ್ನುವ ಹಕ್ಕೂ ಹೋಗಿತ್ತು. ಅವಳನ್ನು ಕೂರಿಸಿದರು.

ಪಲ್ಲವಿಗೆ ಬೇರೆ ಮುಖಗಳ ನಡುವೆ ತನುಜಾಳ ಮುಖ ತೋರಿಸಿದರು. ಗುರುತಿನ ಅಲೆ ಎದ್ದಿತು. ಅದರ ಹಿಂದೆಯೇ ಎರಡನೆಯದು ಎದ್ದಿತು. ಅಷ್ಟು ದೊಡ್ಡದನ್ನು ಆ ಯಂತ್ರ ಅದುವರೆಗೆ ಕಂಡಿರಲಿಲ್ಲವೆಂದು ಆಮೇಲೆ ಡಾಕ್ಟರ್ ಮೃಣಾಲಿನಿ ಹೇಳಿದರು. ಚಿದಾನಂದನ ಮುಖಕ್ಕೂ ಅಲೆ ಎದ್ದಿತ್ತು. ಆದರೆ ಅವನ ಮುಖ ಊರಿನ ಪ್ರತಿ ಗೋಡೆಯ ಮೇಲೆ, ಮಿಲ್ಲಿನ ಜಾಹೀರಾತಿನಲ್ಲಿತ್ತು, ಕಾಣದವರೇ ಇರಲಿಲ್ಲ. ಅವನ ಮುಖ ಕಂಡಾಗಿನ ಭಯದ ಅಲೆ ಅಕ್ಕನ ಮುಖಕ್ಕೆ ಎದ್ದದ್ದರ ಅರ್ಧದಷ್ಟೂ ಇರಲಿಲ್ಲ.

ಪ್ರತಿವಾದಿ ವಕೀಲ ಅದನ್ನೇ ಎತ್ತಿಕೊಂಡ. “ಸ್ವಾಮಿ, ಈ ಹುಡುಗಿ ಯಾರಿಗೆ ಹೆದರ್ತಾಳ ಅನ್ನೂದನ್ನ ಸರ್ಕಾರದ ಯಂತ್ರಾನೇ ಹೇಳಾಕತ್ತೈತಿ. ಅಕ್ಕನಿಗೆ ಹೆದರ್ತಾಳ. ಸುಳ್ಳು ಸಾಕ್ಷಿ ಹೇಳು ಅಂತ ಅಕ್ಕ ಹೆದರಿಸಿ, ಹೆಸರು ಬದಲಿಸಿ ಮುಚ್ಚಿಟ್ಟಿದ್ದಳು.”

ಡಾಕ್ಟರ್ ಮೃಣಾಲಿನಿಯನ್ನು ಕರೆಸಿದರು. ಒಬ್ಬರಿಗೆ ಹೆದರುವುದಕ್ಕೂ ಒಬ್ಬರಿಗಾಗಿ ಹೆದರುವುದಕ್ಕೂ ಮೆದುಳಿನಲ್ಲಿ ಏಳುವ ಅಲೆ ಒಂದೇ, ಯಂತ್ರಕ್ಕೆ ಅವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದರು.

“ಹಂಗಾದರ ಅಕ್ಕನಿಗೆ ಹೆದರಿಲ್ಲ ಅಂತ ನೀವು ಖಾತ್ರಿಯಾಗಿ ಹೇಳ್ತೀರೇನು?” ಎಂದು ವಕೀಲ ಕೇಳಿದ.

“ಖಾತ್ರಿಯಾಗಿ ಹೇಳಕ್ಕಾಗಲ್ಲ,” ಎಂದರು ಅವರು.

ಚಿದಾನಂದನ ಬಿಡುಗಡೆಯಾಯಿತು. ಮಿಲ್ಲಿನ ಮುಂದೆ ಪಟಾಕಿ ಹೊಡೆದರು. ಗುರುಪಾದಪ್ಪ ಕೇಂದ್ರದ ಮೆಟ್ಟಿಲವರೆಗೆ ಬಂದು, ಒಳಗೆ ಬರುವ ಧೈರ್ಯ ಸಾಲದೆ ಹಿಂತಿರುಗಿದ್ದನ್ನು ಇಂದುಮತಿ ಕಿಟಕಿಯಿಂದ ನೋಡಿದಳು. ಪಲ್ಲವಿ ಹಾಸ್ಟೆಲಿಗೆ ಮರಳಲಿಲ್ಲ. ನ್ಯಾಯಾಲಯದ ಅಂಗಳದಿಂದ ಯಾವುದೋ ಬಸ್ಸು ಹತ್ತಿದವಳು ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ಈ ಸಲ ಅವಳು ಯಾರಿಗೂ ಹೇಳಿಯೂ ಇರಲಿಲ್ಲ.

ತನುಜಾ ಊರು ಬಿಡುತ್ತಾಳೆಂದು ರಕ್ಷಣಾ ಗೃಹದಿಂದ ತಿಳಿದು ಇಂದುಮತಿ ಬಸ್ ನಿಲ್ದಾಣಕ್ಕೆ ಓಡಿದಳು. ಸೊಲ್ಲಾಪುರದ ಬಸ್ಸಿನ ಪಕ್ಕದಲ್ಲಿ, ಒಂದು ಚೀಲ ಹಿಡಿದು ನಿಂತಿದ್ದಳು ಹುಡುಗಿ. ಇಂದುಮತಿಗೆ ಏದುಸಿರು.

“ತನುಜಾ, ನಾ ಹೇಳಲಿಲ್ಲವ್ವಾ. ದೇವರಾಣಿ, ನನ್ನ ಬಾಯಿಂದ ಒಂದ ಮಾತ ಹೋಗಿಲ್ಲ.”

“ಗೊತ್ತೈತ್ರಿ ಅಕ್ಕಾರ.” ತನುಜಾ ಅವಳ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟು ಇದ್ದಿದ್ದರೆ ಇಂದುಮತಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ನಿಮ್ಮದೇನೂ ತಪ್ಪಿಲ್ರಿ. ನಿಮಗ ಹೇಳಿದ್ದ ನನ್ನ ತಪ್ಪು.”

ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸು ಹತ್ತಿ, ಆಚೆ ಬದಿಯ ಕಿಟಕಿಯಲ್ಲಿ ಕೂತಳು.

ಅಲೆ ಮಾತಲ್ಲ ಎಂದ ಆ ಆದೇಶದ ನಂತರ ಟೊಪ್ಪಿಗೆ ರಾಜ್ಯದ ಎಷ್ಟೋ ಸಹಾಯಾಧಿಕಾರಿಗಳ ತಲೆಗೇರಿತು. ಒಮ್ಮೆ ಪೊಲೀಸರ ಕಡೆಯಿಂದ, ಒಮ್ಮೆ ಆರೋಪಿಗಳ ಕಡೆಯಿಂದ. ಇಲಾಖೆ ಹೊಸ ಸುತ್ತೋಲೆ ಹೊರಡಿಸಿತು: ಅಧಿಕಾರಿಗಳು ಪರದೆಯ ಹಿಂದೆ ಕೂರಬೇಕು, ಬಂದವರ ಮುಖ ನೋಡಬಾರದು, ಹೆಸರು ಕೇಳಬಾರದು. ಪರದೆಯ ಮುಂದೆ ಬಂದ ಹೆಂಗಸರು ಹಸಿರು ಬಟ್ಟೆಗೆ ತಮ್ಮ ಕಷ್ಟ ಹೇಳಿಕೊಳ್ಳಲಾರದೆ ಎದ್ದು ಹೋಗುತ್ತಿದ್ದರು. ಬರುಬರುತ್ತ ಬರುವುದನ್ನೇ ಬಿಟ್ಟರು. ಇಂದುಮತಿ ಬೆಳಿಗ್ಗೆ ಬೀಗ ತೆಗೆದು, ಕಸ ಗುಡಿಸಿ, ಸಂಜೆಯವರೆಗೆ ಕೂತು ಬರುತ್ತಿದ್ದಳು. ಮನೆಯಲ್ಲಿ ಪರಶುರಾಮ ಚಹಾ ಇಡುವುದನ್ನು ಬಿಡಲಿಲ್ಲ. ಆದರೆ ಅವನೂ ಈಗ ಅವಳ ಕಣ್ಣು ತಪ್ಪಿಸಿ ಬೇರೆಲ್ಲೋ ನೋಡುತ್ತಿದ್ದ. ಅವಳ ಮುಖದಿಂದ ಏನಾದರೂ ತಿಳಿದುಬಿಟ್ಟೀತು ಎಂಬ ಭಯ.

ಬಹಳ ದಿನಗಳ ಮೇಲೆ ಒಬ್ಬ ಹೆಂಗಸು ಬಂದಳು. ಹೆಜ್ಜೆಯ ಸದ್ದು ಬಾಗಿಲಲ್ಲಿ ನಿಂತಿತು, ಒಳಗೆ ಬಂತು. ಪರದೆಯ ಕೆಳಗೆ ಹವಾಯಿ ಚಪ್ಪಲಿ ಹಾಕಿದ ಎರಡು ಪಾದ ಕಂಡವು. ಒಂದರ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಒಣಗಿತ್ತು. ಉಸಿರು ಎಳೆದು ಬಿಡುವುದು ಕೇಳಿಸಿತು. ಹೊಸಬಳು, ಯಂತ್ರದ ಸುದ್ದಿ ಇನ್ನೂ ಮುಟ್ಟದವಳು.

“ಸಹಾಯದ ಅಕ್ಕಾರು ಇಲ್ಲೇ ಅದಾರೇನ್ರಿ?” ಎಂದಳು. “ನಿಮ್ಮ ಮುಂದ ಹೇಳಿದ್ರ ಯಾರಿಗೂ ಗೊತ್ತಾಗೂದಿಲ್ಲ ಅಂದ್ರು. ನನ್ನ ಹೆಸರು...”

“ಹೇಳಬ್ಯಾಡ,” ಎಂದಳು ಇಂದುಮತಿ.

ಪಾದಗಳು ಅಲ್ಲಾಡಲಿಲ್ಲ.

“ಹೆಸರು ಹೇಳಬ್ಯಾಡವ್ವಾ. ಊರು ಹೇಳಬ್ಯಾಡ. ಏನಾಗೇತಿ ಅನ್ನೂದನ್ನೂ ಹೇಳಬ್ಯಾಡ. ನಿನ್ನವರು ಅಂತ ಯಾರರ ಇದ್ರ ಅವರನ್ನೂ ನನಗ ತೋರಿಸಬ್ಯಾಡ.” ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಹೊರಗ ನಲ್ಲಿ ಐತಿ. ಕಾಲು ತೊಳಕೊಂಡು ಹೋಗು.”

ಆಚೆಯವಳು ಒಮ್ಮೆ ಬಿಕ್ಕಿದಳು, ಬಿಕ್ಕಿದ್ದನ್ನು ನುಂಗಿಕೊಂಡಳು. ಆಮೇಲೆ ಪಾದಗಳು ತಿರುಗಿದವು. ನಲ್ಲಿಯ ನೀರಿನ ಸದ್ದು ಬರಲಿಲ್ಲ. ಅಂಗಳದ ಗೇಟು ಕಿರುಗುಟ್ಟಿತು.

ಗೇಟಿನಿಂದ ಎಡಕ್ಕೆ ಹೋದರೆ ಠಾಣೆ, ಬಲಕ್ಕೆ ಹೋದರೆ ಬಸ್ಸು, ನೇರ ಹೋದರೆ ರೈಲಿನ ಹಳಿ. ಕುರ್ಚಿಯಲ್ಲಿ ಕೂತಲ್ಲಿಂದಲೇ ಕಿಟಕಿಯಲ್ಲಿ ಮೂರೂ ದಾರಿ ಕಾಣುತ್ತಿದ್ದವು. ಅವಳು ಯಾವ ಕಡೆ ಹೋದಳೆಂದು ತನಗೆ ಗೊತ್ತಾಗಬಾರದೆಂದು ಇಂದುಮತಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಳು.